ಆಕ್ಸಿಜನ್ ಸೆನ್ಸರ್ ಕೆಟ್ಟಿದೆಯಾ, ಅದರ ಹೀಟರ್ ಕೆಟ್ಟಿದೆಯಾ?

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಕಾರು ಬಿಎಸ್4 ಕಾಲದ ಪೆಟ್ರೋಲ್ ಗಾಡಿ. ಮಳೆಗಾಲದಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿಕೊಂಡಿತು, ಆರಲೇ ಇಲ್ಲ. ಪಿಕಪ್‌ಗೆ ಏನೂ ತೊಂದರೆಯಿರಲಿಲ್ಲ. ಆದರೆ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೆ ಕಪ್ಪು ಮಸಿ. ಪೇಟೆಗೆ ಹೋಗಿ ಬರುವ ಸಣ್ಣ ಓಡಾಟಕ್ಕೆ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು. ಶಿವಮೊಗ್ಗಕ್ಕೆ ಹೋಗಿ ಬಂದರೆ ಮಾತ್ರ ಮೈಲೇಜ್ ಹೆಚ್ಚುಕಡಿಮೆ ಮೊದಲಿನಂತೆಯೇ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಅಳೆಯುವ ಎರಡೂ ಆಕ್ಸಿಜನ್ ಸೆನ್ಸರ್ ಬದಲಿಸಬೇಕು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹೋಗಿರಬಹುದು ಅಂದರು. ಅಷ್ಟು ದುಡ್ಡು ಸುಮ್ನೆ ಸುರಿಯುವುದಕ್ಕಿಂತ ನಾನೇ ನೋಡೋಣ ಅನ್ನಿಸಿತು. ಗಾಡಿಯ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ತರಿಸಿ ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಹಾಕಿದೆ. ಮೊಬೈಲಿನಲ್ಲಿ ಬಂದ ಕೋಡ್ ಪಿ0135. ಅಂದರೆ ಕನ್ವರ್ಟರ್‌ಗಿಂತ ಮುಂದಿರುವ ಸೆನ್ಸರ್‌ನ ಹೀಟರ್ ಸರ್ಕ್ಯೂಟ್. ಕನ್ವರ್ಟರ್ ಬಗ್ಗೆ ಒಂದು ಕೋಡೂ ಇರಲಿಲ್ಲ.

ಪೇಟೆ ಓಡಾಟದ ಲೆಕ್ಕ ಆಗ ಅರ್ಥವಾಯಿತು. ಈ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ಬೇಗ ಬಿಸಿಯಾಗಲಿ ಅಂತಲೇ ಒಳಗೆ ಹೀಟರ್ ಇಟ್ಟಿರುತ್ತಾರೆ. ಅದು ಸತ್ತರೆ ಹೊಗೆಯ ಬಿಸಿಯೊಂದೇ ಗತಿ. ಅಲ್ಲಿಯವರೆಗೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ, ಸ್ವಲ್ಪ ಧಾರಾಳವಾಗಿಯೇ. ಮಳೆಗಾಲದ ಚಳಿಯಲ್ಲಿ ಪೇಟೆ ಮುಟ್ಟುವಷ್ಟರಲ್ಲಿ ಸೆನ್ಸರ್ ಬಿಸಿಯೇ ಆಗಿರುವುದಿಲ್ಲ.

ಲೈವ್ ಡೇಟಾ ನೋಡಿದರೂ ಅದೇ. ತಣ್ಣನೆ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಅಲುಗಾಡದೆ ಕೂತಿತ್ತು. ಮಂಡಗದ್ದೆ ಕಡೆ ಒಂದು ಸುತ್ತು ಓಡಿಸಿದ ಮೇಲೆ 0.1 ಮತ್ತು 0.9ರ ನಡುವೆ ಚುರುಕಾಗಿ ಕುಣಿಯತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಮೇಲೆ, ಬಿಟ್ಟರೆ ಕೆಳಗೆ. ಸೆನ್ಸರ್ ಬದುಕಿದೆ, ಕೆಟ್ಟಿರುವುದು ಹೀಟರ್ ಮಾತ್ರ. ಈ ಪರೀಕ್ಷೆಯನ್ನು ಆಗುಂಬೆ ಘಾಟಿ ಏರಿನಲ್ಲಿ ಮಾಡಬೇಡಿ. ಪೂರ್ತಿ ಒತ್ತಿ ಹತ್ತಿಸುವಾಗ ಇಸಿಯು ಬೇಕೆಂದೇ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಓದುವಿಕೆ ಮೇಲೆಯೇ ನಿಲ್ಲುತ್ತದೆ.

ಹೀಟರ್ ಒಳಗೇ ಇರುವುದರಿಂದ ಪೂರ್ತಿ ಸೆನ್ಸರನ್ನೇ ಬದಲಿಸಬೇಕು. ಆದರೂ ಕೊಳ್ಳುವ ಮೊದಲು ವೈರ್ ನೋಡಲೇಬೇಕು. ನಮ್ಮ ಕಡೆ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸಿದರೆ ಇಲಿಗಳಿಗೆ ಅದೇ ಮನೆ. ವೈರ್ ಎಲ್ಲೂ ಕಡಿದಿರಲಿಲ್ಲ, ಫ್ಯೂಸ್ ಸರಿ ಇತ್ತು. ಕನೆಕ್ಟರ್ ಬಿಚ್ಚಿದೆ. ನಾಲ್ಕು ವೈರುಗಳಲ್ಲಿ ಒಂದೇ ಬಣ್ಣದ ಎರಡು ಇದ್ದರೆ ಸಾಮಾನ್ಯವಾಗಿ ಅವೇ ಹೀಟರಿನವು. ನನ್ನದರಲ್ಲಿ ಎರಡು ಬಿಳಿ. ಒಳ್ಳೆಯ ಹೀಟರ್ ಆದರೆ ಮಲ್ಟಿಮೀಟರ್ ಕೆಲವೇ ಓಮ್ ತೋರಿಸಬೇಕು. ನನ್ನದು ಓಪನ್, ಅಂದರೆ ಒಳಗೆ ಕಡಿದುಹೋಗಿದೆ. ಎಂಜಿನ್ ಚಾಲೂ ಮಾಡಿ, ಗಾಡಿ ಕಡೆಯ ಕನೆಕ್ಟರ್‌ನ ಹೀಟರ್ ಪಿನ್‌ಗಳಿಗೆ ಸಣ್ಣ 12 ವೋಲ್ಟ್ ಬಲ್ಬ್ ಹಿಡಿದೆ, ಹತ್ತಿತು. ಕರೆಂಟ್ ಬರುತ್ತಿದೆ, ಅರ್ತಿಂಗೂ ಇದೆ. ಇನ್ನು ಅನುಮಾನ ಉಳಿಯಲಿಲ್ಲ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಅಂಗಡಿಯವರು, "ಎಂತಕ್ಕೆ ಮಾರಾಯ್ರೆ ಅಷ್ಟು ದುಡ್ಡು? ಯೂನಿವರ್ಸಲ್ ತಗೊಳ್ಳಿ, ಹಳೇ ಕನೆಕ್ಟರ್ ಕಟ್ ಮಾಡಿ ಜಾಯಿಂಟ್ ಹಾಕಿದ್ರಾಯ್ತು" ಅಂದರು. ಯೂನಿವರ್ಸಲ್ ಅಂದರೆ ಗಾಡಿಯ ಕನೆಕ್ಟರ್ ಇಲ್ಲದೆ ಬರೀ ವೈರ್ ಇರುವುದು. ಬೇಡ ಅಂದೆ. ಹೊಗೆಯ ಜೊತೆ ಹೋಲಿಸಿ ನೋಡಲು ಈ ಸೆನ್ಸರ್‌ಗೆ ಹೊರಗಿನ ಗಾಳಿ ಬೇಕು. ಎಷ್ಟೋ ಸೆನ್ಸರ್‌ಗಳಲ್ಲಿ ಆ ಗಾಳಿ ಬರುವುದೇ ವೈರಿನ ಎಳೆಗಳ ಸಂದಿನಿಂದ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕ್ರಿಂಪ್ ಮಾಡಿದರೆ ನಡೆಯುತ್ತದೆ, ಆದರೆ ನಮ್ಮ ಮಳೆಗೆ ಇನ್ನೊಂದು ಜಾಯಿಂಟ್ ಯಾಕೆ ಅಲ್ವಾ? ಗಾಡಿಗೆ ಸರಿಯಾಗಿ ಕೂರುವ ಕನೆಕ್ಟರ್ ಇದ್ದದ್ದನ್ನೇ ತಂದೆ, ಮುಂದಿನದು ಒಂದೇ.

ಬಿಚ್ಚುವುದೇ ಹರಸಾಹಸ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟೆ. ಬೆಳಿಗ್ಗೆ ಎಂಜಿನ್ ಸ್ವಲ್ಪ ಬೆಚ್ಚಗೆ ಮಾಡಿ 22ರ ಸ್ಪ್ಯಾನರ್ ಹಾಕಿದೆ. ಮೊದಲು ಜಗ್ಗಲಿಲ್ಲ, ಆಮೇಲೆ ಟಕ್ ಅಂತ ಬಿಟ್ಟಿತು. ವೈರ್ ಸೀಳಿನೊಳಗೆ ತೂರಿಸುವ ಸಾಕೆಟ್ ಇದ್ದರೆ ಇನ್ನೂ ಸಲೀಸು. ಹೊಸದನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಥ್ರೆಡ್ ತಪ್ಪಿದರೆ ಪೈಪಿನ ಥ್ರೆಡ್ಡೂ ಹೋಗುತ್ತದೆ. ಥ್ರೆಡ್‌ಗೆ ಆ್ಯಂಟಿಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿಯೇ ಬಂದಿತ್ತು. ತುದಿಗೆ ಮಾತ್ರ ಎಣ್ಣೆ, ಗ್ರೀಸ್ ಯಾವುದೂ ತಾಗಬಾರದು. ಹತ್ತಿರದಲ್ಲಿ ಸಿಲಿಕೋನ್ ಅಂಟು ಬಳಸುವುದಂತೂ ಬೇಡವೇ ಬೇಡ, ಅದರ ಆವಿ ಸೆನ್ಸರನ್ನು ಕೊಲ್ಲುತ್ತದೆ.

ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲೇ, ಗಾಡಿ ನಿಂತಲ್ಲೇ, ವೋಲ್ಟೇಜ್ ಕುಣಿಯತೊಡಗಿತು. ಲೈಟ್ ಮತ್ತೆ ಬರಲಿಲ್ಲ. ಹಿಂದಿನ ಸೆನ್ಸರ್ 0.7ರ ಆಸುಪಾಸಿನಲ್ಲಿ ಸ್ಥಿರವಾಗಿದೆ, ಕನ್ವರ್ಟರ್ ಗಟ್ಟಿಯಾಗಿರುವ ಲಕ್ಷಣ ಅದು. ಹಾಗಾಗಿ ಅವೆರಡನ್ನೂ ನಾನು ಮುಟ್ಟಿಲ್ಲ.