ಸೇನೆಯ ಹಳೆಯ ಜೀಪನ್ನು ಕೊಂಡು ಸರಿಪಡಿಸುವ ಬಗೆ

ಬೆಳಗಾವಿಯಲ್ಲಿ ಬೆಳೆದವರಿಗೆ ಸೇನೆಯ ವಾಹನ ಅಪರೂಪದ ನೋಟವಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ಊರಿನ ಕ್ಯಾಂಪ್ ರಸ್ತೆಗಳಲ್ಲಿ ಜಿಪ್ಸಿಗಳನ್ನೂ ಟ್ರಕ್ಕುಗಳನ್ನೂ ನೋಡುತ್ತಲೇ ಶಾಲೆಗೆ ಹೋದ ಹಲವರಿಗೆ, ಮುಂದೆ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ, ಅಂಥದೊಂದು ಗಾಡಿ ತಮ್ಮ ಅಂಗಳದಲ್ಲಿಯೂ ಇರಲಿ ಎಂಬ ಆಸೆ ಹುಟ್ಟುತ್ತದೆ. ಉದ್ಯಮಬಾಗ ಮತ್ತು ಮಚ್ಛೆಯ ಲೇತುಗಳು, ಫೌಂಡ್ರಿಗಳು ಕೂಗಳತೆಯಲ್ಲಿರುವುದರಿಂದ ಈ ಹವ್ಯಾಸ ನಮ್ಮಲ್ಲಿ ಬೇರೆ ಅನೇಕ ಊರುಗಳಿಗಿಂತ ಸುಲಭವೂ ಹೌದು. ಕಬ್ಬಿಣದ ಕೊರತೆಯೇನಿದ್ದರೂ ಅದನ್ನು ಇಲ್ಲಿ ತುಂಬಿಕೊಳ್ಳಬಹುದು. ಕಾಗದದ ಕೊರತೆಯನ್ನು ಮಾತ್ರ ಯಾವ ಲೇತಿನಲ್ಲಿಯೂ ತಿರುವಿ ತೆಗೆಯಲಾಗದು. ಆದ್ದರಿಂದ ಕಾಗದದ ಮಾತನ್ನೇ ಮೊದಲು ಹೇಳುತ್ತೇನೆ.

ಸೇನೆಯ ಸೇವೆಯಲ್ಲಿರುವ ವಾಹನವನ್ನು ರಕ್ಷಣಾ ಇಲಾಖೆಯ ಅಧಿಕಾರಿಗಳೇ 1988ರ ಮೋಟಾರು ವಾಹನ ಕಾಯ್ದೆಯ 60ನೆಯ ಕಲಮಿನಡಿ ನೋಂದಾಯಿಸುತ್ತಾರೆ. ಮೇಲ್ಮುಖ ಬಾಣದ ಗುರುತಿನಿಂದ ಆರಂಭವಾಗುವ ಸಂಖ್ಯೆ ಬಂದಿರುವುದು ಹಾಗೆ. ಹರಾಜಿನಲ್ಲಿ ಮಾರಾಟವಾದ ಮೇಲೆ ಅದನ್ನು ಸಾರಿಗೆ ಕಚೇರಿಯಲ್ಲಿ ಹೊಸದಾಗಿ ನೋಂದಾಯಿಸಬೇಕಾಗುತ್ತದೆ, ಮತ್ತು ಅದಕ್ಕೆ ಬೇಕಾದ ಮುಖ್ಯ ಪತ್ರವೆಂದರೆ ರಕ್ಷಣಾ ಇಲಾಖೆಯ ಅಧಿಕಾರಿ ಕೊಟ್ಟ ಫಾರ್ಮ್ 21ರ ಮೂಲ ಮಾರಾಟ ಪ್ರಮಾಣಪತ್ರ. ಅದರ ಜೆರಾಕ್ಸ್ ಪ್ರತಿಯನ್ನೋ, ಕೈಬರಹದ ಕರಾರನ್ನೋ ತೋರಿಸಿ “ಉಳಿದದ್ದನ್ನು ಏಜೆಂಟರು ನೋಡಿಕೊಳ್ಳುತ್ತಾರೆ” ಎನ್ನುವ ಮಾರಾಟಗಾರನಿಂದ ನಮಸ್ಕಾರ ಹೇಳಿ ಹೊರಬರುವುದು ಲೇಸು. ಸರ್ಕಾರಿ ಹಳೆಯ ಸಾಮಾನಿನ ಹರಾಜುಗಳು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿಯ ಜಾಲತಾಣದಲ್ಲಿ ನಡೆಯುತ್ತವೆ. ಹರಾಜಿನ ಷರತ್ತುಗಳಲ್ಲಿ ಆ ವಾಹನವನ್ನು ಓಡಿಸುವುದಕ್ಕೆ ಮಾರುತ್ತಿದ್ದಾರೆಯೇ ಗುಜರಿಗೆಂದೇ ಮಾರುತ್ತಿದ್ದಾರೆಯೇ ಎಂಬುದನ್ನು ಎರಡೆರಡು ಸಲ ಓದಬೇಕು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸದೆ ಗುಜರಿ ಕೇಂದ್ರಕ್ಕೆ ಕಳುಹಿಸುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಾಗಾಗಿ ಹೊಸಬರು ಹರಾಜಿನ ಬೆನ್ನು ಹತ್ತುವುದಕ್ಕಿಂತ, ಹಿಂದೆಯೇ ಬಿಡುಗಡೆಯಾಗಿ ಯಾರದೋ ಹೆಸರಿನಲ್ಲಿ ಆರ್‌ಸಿ ಆಗಿ, ಕೈಬದಲಾಗುತ್ತ ಬಂದ ಗಾಡಿಯನ್ನು ಹುಡುಕುವುದು ಉತ್ತಮವೆಂದು ನನ್ನ ಅಭಿಪ್ರಾಯ.

ಅಂಥ ಗಾಡಿ ಸಿಕ್ಕಾಗ ಚಾಸಿಯ ಮೇಲಿನ ಸಂಖ್ಯೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕಾಗದವಿಟ್ಟು ಪೆನ್ಸಿಲ್ಲಿನಿಂದ ಅಚ್ಚು ತೆಗೆದು, ಆರ್‌ಸಿಯ ಸಂಖ್ಯೆಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಸಾರಿಗೆ ಇನ್‌ಸ್ಪೆಕ್ಟರು ಮುಂದೆ ಮಾಡುವುದೂ ಅದನ್ನೇ. ಸಂಖ್ಯೆಯ ಸುತ್ತ ವೆಲ್ಡಿಂಗಿನ ಗೆರೆ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಹರಿಯಾಣದ ಡಬ್ವಾಲಿಯಂಥ ಕಡೆ ಹೊಸ ತಗಡಿನಲ್ಲಿ ಜೀಪು ಕಟ್ಟುವ ಕಸುಬೇ ಬೆಳೆದಿದೆ. ಅಲ್ಲಿನ ಕೈಕೆಲಸ ಮೆಚ್ಚುವಂಥದೇ, ಆದರೆ ಹಾಗೆ ಕಟ್ಟಿದ ಜೀಪಿಗೆ ಯಾವುದೋ ಹರಾಜು ವಾಹನದ ಕಾಗದ ಅಂಟಿಕೊಂಡಿದ್ದರೆ ಅದು ಸೇನೆಯ ಜೀಪೂ ಅಲ್ಲ, ಕಾನೂನಿನ ಕಣ್ಣಿನಲ್ಲಿ ನಿಮ್ಮ ಜೀಪೂ ಅಲ್ಲ. ಎಂಜಿನ್ನಿನ ಸಂಖ್ಯೆ ಮತ್ತು ಇಂಧನವೂ ಹೊಂದಬೇಕು. ನಾನು ಮೊದಲು ಕೊಂಡ ಜೀಪಿನ ಆರ್‌ಸಿಯಲ್ಲಿ ಪೆಟ್ರೋಲ್ ಎಂದಿತ್ತು, ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ ಕೂತಿತ್ತು. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಅನುಮತಿಯಿಲ್ಲದೆ ಬದಲಿಸಿದ್ದನ್ನು ನಾನು ಸಂತೋಷದ ಭರದಲ್ಲಿ ಗಮನಿಸಿರಲಿಲ್ಲ, ಮತ್ತು ಆ ಸಂತೋಷಕ್ಕೆ ಬೇರೆ ಎಂಜಿನ್ ಹುಡುಕುವ ಒಂದೂವರೆ ವರ್ಷದ ದಂಡ ತೆತ್ತೆ. ಹೊರ ರಾಜ್ಯದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು, ಆಮೇಲೆಯೇ ಅದಕ್ಕೆ ಕೆಎ-22, ಕೆಎ-28 ಅಥವಾ ಕೆಎ-29ರ ಫಲಕ ಬರುತ್ತದೆ. 15 ವರ್ಷ ದಾಟಿದ ಖಾಸಗಿ ವಾಹನಕ್ಕೆ ಯೋಗ್ಯತಾ ಪರೀಕ್ಷೆಯ ನಂತರ ಐದೈದು ವರ್ಷಕ್ಕೆ ನವೀಕರಣ ದೊರೆಯುತ್ತದೆ. 50 ವರ್ಷ ಮೀರಿದ್ದಕ್ಕೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ದಾರಿಯೂ ಇದೆ: ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಚಾಸಿ, ಬಾಡಿ, ಎಂಜಿನ್ನುಗಳು ಮೂಲರೂಪದಲ್ಲಿರಬೇಕು, ಮತ್ತು ಅದನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಯಾವ ವಾಹನವನ್ನು ಆರಿಸಬೇಕು? ಮೊದಲ ಗಾಡಿ ಮಾರುತಿ ಜಿಪ್ಸಿಯಾಗಿರಲಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಈ ಗಾಡಿಗೆ ಮುಂದೆ 1,298 ಸಿಸಿಯ ಎಂಜಿನ್ ಕೂಡಿಸಿದರು. ಈ ಎರಡನೆಯದು ಎಸ್ಟೀಮ್ ಕಾರಿನ ಎಂಜಿನ್ನಿನ ಬಳಗದ್ದೇ ಆದ್ದರಿಂದ ಬಿಡಿಭಾಗಗಳ ಚಿಂತೆಯಿಲ್ಲ, ರಿಪೇರಿ ಬಲ್ಲ ಮಿಸ್ತ್ರಿಗಳೂ ತಾಲೂಕು ಕೇಂದ್ರಗಳಲ್ಲಿ ಸಿಗುತ್ತಾರೆ. ಮಹೀಂದ್ರಾದ ಹಳೆಯ ಸಿಜೆ (ನಾಗರಿಕ ಬಳಕೆಯ) ಜೀಪುಗಳು ಇನ್ನೂ ಸರಳ, ಸುತ್ತಿಗೆ ಮತ್ತು ಪಾನಾಗಳಿಂದಲೇ ಅರ್ಧ ಕೆಲಸ ಮುಗಿಯುವಂಥವು. ಜಬಲ್‌ಪುರದ ವಾಹನ ಕಾರ್ಖಾನೆಯಲ್ಲಿ 1969ರಿಂದ ತಯಾರಾದ ನಿಸಾನ್ ಮೂಲದ ಜೋಂಗಾದ ಆಕರ್ಷಣೆ ಬೇರೆಯೇ. ಅದರ ಆರು ಸಿಲಿಂಡರಿನ 3,956 ಸಿಸಿ ಎಂಜಿನ್ನಿನ ದನಿಗೆ ಮರುಳಾಗದವರು ಕಡಿಮೆ, ಆದರೆ ಪೆಟ್ರೋಲ್ ಬಂಕಿನವರನ್ನು ಬಿಟ್ಟರೆ ಅದರ ಹಸಿವನ್ನು ಕಂಡು ಹಿಗ್ಗುವವರೂ ಕಡಿಮೆ. ಶಕ್ತಿಮಾನ್ ಟ್ರಕ್ಕನ್ನು ಹೊಲವೂ ಭಾರಿ ವಾಹನದ ಲೈಸೆನ್ಸೂ ಇರುವವರಿಗೆ ಬಿಡುವುದು ಒಳ್ಳೆಯದು. ಎರಡನೆಯ ಮಹಾಯುದ್ಧದ ಅಮೆರಿಕನ್ ಜೀಪಾದ ವಿಲ್ಲಿಸ್ ಎಂದು ಯಾರಾದರೂ ಎತ್ತರದ ಬೆಲೆ ಹೇಳಿದರೆ ಮೊದಲು ಮುಂಭಾಗದ ಜಾಲರಿಯ ಸೀಳುಗಳನ್ನು ಎಣಿಸಿರಿ: ಯುದ್ಧಕಾಲದ ಒತ್ತುತಗಡಿನ ಜಾಲರಿಗೆ ಒಂಬತ್ತು, ನಂತರದ ಸಿಜೆಗಳಿಗೆ ಏಳು. ಜಾಲರಿ ಬದಲಿಸಿ ಕೂರಿಸಿರಬಹುದು ಎಂಬುದನ್ನೂ ಮರೆಯಬಾರದು. ಅದಕ್ಕೇ ಚಾಸಿಯ ಮುಂದಿನ ಅಡ್ಡಪಟ್ಟಿಯನ್ನೂ ಬಗ್ಗಿ ನೋಡಬೇಕು. ಅದು ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್, ಮಗುಚಿದ ಯು ಆಕಾರದ ಪಟ್ಟಿಯಾಗಿದ್ದರೆ ಅದೇ ಮಾದರಿಯಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ತಯಾರಾದ ಜಿಪಿಡಬ್ಲ್ಯು.

ಗಾಡಿ ನಿಂತಿದ್ದ ಊರು ಅದರ ತಗಡಿನ ಮೇಲೆ ಬರೆದಿರುತ್ತದೆ. ಖಾನಾಪುರದ ಮಳೆಯಲ್ಲಿ ಹತ್ತು ವರ್ಷ ನಿಂತ ಜೀಪಿಗಿಂತ ಸಿಂದಗಿಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ ನಿಂತ ಜೀಪು ಹೆಚ್ಚು ಗಟ್ಟಿಯಾಗಿರುತ್ತದೆ. ವಿಜಯಪುರ, ಬಾಗಲಕೋಟೆಗಳ ಕಡೆ ರಬ್ಬರು ಮತ್ತು ಟಾಪಿನ ಬಟ್ಟೆ ಹಾಳಾಗಿರುತ್ತವೆಯೇ ಹೊರತು ಚಾಸಿ ಉಳಿದಿರುತ್ತದೆ. ಆದ್ದರಿಂದ ಹುಡುಕಾಟವನ್ನು ಪೂರ್ವದ ಒಣಭೂಮಿಯಿಂದ ಆರಂಭಿಸಿ, ಕೆಲಸವನ್ನು ಬೆಳಗಾವಿಯಲ್ಲಿ ಮಾಡಿಸುವುದು ಜಾಣತನ. ತುಕ್ಕನ್ನು ಕಣ್ಣಿನಿಂದಲ್ಲ, ಚಿಕ್ಕ ಸುತ್ತಿಗೆಯಿಂದ ಪರೀಕ್ಷಿಸಬೇಕು. ಬಾಡಿ ಚಾಸಿಯ ಮೇಲೆ ಕೂರುವ ಜಾಗಗಳು, ಪಾಟಾಗಳನ್ನು (ಪಟ್ಟಿ ಸ್ಪ್ರಿಂಗುಗಳನ್ನು) ಚಾಸಿಗೆ ಜೋಡಿಸುವ ಶ್ಯಾಕಲ್ ಇರುವ ತುದಿಗಳು, ಸೀಟಿನ ಕೆಳಗಿನ ತಗಡು, ಹಿಂದಿನ ಚಕ್ರಗಳ ಮೇಲಿನ ಚಾಸಿಯ ಬಾಗು ಇವುಗಳನ್ನು ತಟ್ಟಿದಾಗ ಟಣ್ ಎಂದರೆ ಸರಿ, ಮಣ್ಣಿನ ಮಡಕೆಯಂತೆ ಮೊದ್ದು ದನಿ ಬಂದರೆ ಬಣ್ಣದ ಕೆಳಗೆ ಪುಟ್ಟಿ ತುಂಬಿದೆ ಎಂದು ತಿಳಿಯಬೇಕು.

ಗಾಡಿ ಅಂಗಳಕ್ಕೆ ಬಂದ ದಿನವೇ ಎಂಜಿನ್ ಶುರುಮಾಡಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ತಡೆದುಕೊಂಡು ಬ್ರೇಕಿನಿಂದ ಆರಂಭಿಸಬೇಕು, ಏಕೆಂದರೆ ನಿಲ್ಲಲಾರದ ಗಾಡಿ ಚಲಿಸದಿರುವುದೇ ಮೇಲು. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಗಳಿಗೂ ಒಂಬತ್ತು ಇಂಚಿನ ಡ್ರಮ್ಮುಗಳಿದ್ದು ಅವುಗಳಿಗೆಲ್ಲ ಒಂದೇ ಸಾಲಿನ ಮಾಸ್ಟರ್ ಸಿಲಿಂಡರ್ ಇರುವುದರಿಂದ, ಎಲ್ಲಿ ಒಂದು ಪೈಪು ಸೋರಿದರೂ ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಕೊಡುತ್ತವೆ. ಪೈಪುಗಳನ್ನೂ ಹೋಸುಗಳನ್ನೂ ಚೆನ್ನಾಗಿವೆ ಎನಿಸಿದರೂ ಹೊಸದಾಗಿ ಹಾಕಿಸಿ, ಸಿಲಿಂಡರುಗಳ ರಬ್ಬರು ಬದಲಿಸಿರಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಆ ಧೂಳನ್ನು ಗ್ಯಾರೇಜಿನ ಗಾಳಿಯ ಪೈಪಿನಿಂದ ಊದಕೂಡದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಈ ಜೀಪುಗಳ ಕೈಬ್ರೇಕು ಚಕ್ರಕ್ಕಲ್ಲ, ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿಗೆ ಹಿಡಿಯುತ್ತದೆ. ಓಡುವಾಗ ಎಳೆದರೆ ಶಾಫ್ಟಿನ ಕೀಲಾದ ಕ್ರಾಸ್ ಮುರಿಯಬಹುದು, ಆದ್ದರಿಂದ ಅದು ನಿಂತ ಮೇಲಷ್ಟೇ.

ಚಕ್ರ ಬಿಚ್ಚುವಾಗ ಎರಡು ಎಚ್ಚರಿಕೆಗಳಿವೆ. ವಿಲ್ಲಿಸ್ ಬಗೆಯ ಜೀಪುಗಳ ಎಡಬದಿಯ ನಟ್ಟುಗಳಿಗೆ ಎಡಮುರಿ ಇರುತ್ತದೆ, ಅಂದರೆ ಅವು ಬಿಚ್ಚುವುದು ಬಲಕ್ಕೆ ತಿರುವಿದಾಗ. ಅದನ್ನರಿಯದೆ ಉದ್ದನೆಯ ಪೈಪು ಹಾಕಿ ತಿರುವಿ ಸ್ಟಡ್ಡು ಮುರಿದ ಹುಡುಗರು ಪ್ರತಿ ಗ್ಯಾರೇಜಿನಲ್ಲಿಯೂ ಒಬ್ಬೊಬ್ಬರು ಸಿಗುತ್ತಾರೆ. ಎರಡನೆಯದು ಪ್ರಾಣದ ಪ್ರಶ್ನೆ. ಸೇನೆಯ ಕಾಂಬ್ಯಾಟ್ ರಿಮ್ಮು ಎರಡು ಹೋಳುಗಳನ್ನು ನಟ್ಟುಗಳಿಂದ ಜೋಡಿಸಿದ್ದಾಗಿರುತ್ತದೆ. ಚಕ್ರವನ್ನು ಹಬ್ಬಿಗೆ ಹಿಡಿಯುವ ನಟ್ಟುಗಳೇ ಬೇರೆ, ಹೋಳುಗಳನ್ನು ಹಿಡಿಯುವ ಸುತ್ತಲಿನ ನಟ್ಟುಗಳೇ ಬೇರೆ. ಗಾಳಿ ತುಂಬಿರುವಾಗ ಈ ಎರಡನೆಯ ಸಾಲಿಗೆ ಪಾನಾ ಹಾಕಿದರೆ ರಿಮ್ಮಿನ ಹೋಳು ಗುಂಡಿನಂತೆ ಹಾರುತ್ತದೆ. ವಾಲ್ವಿನ ಪಿನ್ನನ್ನು ತೆಗೆದು, ಗಾಳಿ ಪೂರ್ತಿ ಹೋದದ್ದನ್ನು ತಂತಿ ತೂರಿಸಿ ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಮುಟ್ಟಬೇಕು. ಪಂಕ್ಚರ್ ಅಂಗಡಿಗೆ ಕಳುಹಿಸುವುದಾದರೆ ನೀವೂ ಜೊತೆಗೆ ಹೋಗಿ ಇದನ್ನು ಬಾಯಿಬಿಟ್ಟು ಹೇಳಿರಿ.

ಸಿಗದ ಬಿಡಿಭಾಗಗಳ ವಿಷಯದಲ್ಲಿ ನಮ್ಮ ಊರಿನ ಭಾಗ್ಯ ದೊಡ್ಡದು. ಒಡೆದ ಎಕ್ಸಾಸ್ಟ್ ಮ್ಯಾನಿಫೋಲ್ಡು, ನೀರಿನ ಪಂಪಿನ ಮನೆ, ಪುಲ್ಲಿ ಮುಂತಾದ ಎರಕದ ಭಾಗಗಳನ್ನು ಹಳೆಯದರ ಮಾದರಿಯಿಂದಲೇ ಮರದ ಪ್ಯಾಟರ್ನ್ ಮಾಡಿಸಿ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಬಹುದು. ಆದರೆ ಹಳೆಯ ಭಾಗವನ್ನೇ ನೇರವಾಗಿ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಹೊಸದು ಚಿಕ್ಕದಾಗುತ್ತದೆ: ಬೂದು ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುವುದರಿಂದ, ಪ್ಯಾಟರ್ನಿನಲ್ಲಿ ಆ ಕುಗ್ಗುವಿಕೆಯನ್ನೂ ಲೇತಿನಲ್ಲಿ ತಿರುವಲು ಬೇಕಾದ ದಪ್ಪವನ್ನೂ ಸೇರಿಸಬೇಕು. ಒಂದೇ ಮ್ಯಾನಿಫೋಲ್ಡಿಗಾಗಿ ಫೌಂಡ್ರಿಯವರು ಅಚ್ಚು ಕಟ್ಟುವುದಿಲ್ಲ ಎನ್ನುವುದು ಸಹಜ. ಜೀಪು ಇರುವ ನಾಲ್ಕು ಜನ ಸೇರಿ ಆರು ಹೊಯ್ಯಿಸಿಕೊಂಡರೆ ಅವರಿಗೂ ಗಿಟ್ಟುತ್ತದೆ. ಸ್ಟಿಯರಿಂಗಿನ ತೋಳು, ಮುಂದಿನ ಚಕ್ರ ತಿರುಗುವ ಗೆಣ್ಣಾದ ನಕಲ್ (ಸ್ಟಿಯರಿಂಗ್ ನಕಲ್) ಮುಂತಾದ ಪೆಟ್ಟು ತಾಳಬೇಕಾದ ಭಾಗಗಳನ್ನು ಮಾತ್ರ ಎಂದಿಗೂ ಎರಕದಲ್ಲಿ ಮಾಡಿಸಬಾರದು. ಅವನ್ನು ಹಳೆಯ ಗಾಡಿಯಿಂದ ತರಬೇಕು, ಬಿರುಕಿಲ್ಲವೆಂದು ಪರೀಕ್ಷಿಸಿ ಹಾಕಬೇಕು. ಲೋಹದ ಸಣ್ಣ ಗುಂಡುಗಳನ್ನು ರಭಸದಿಂದ ಎರಚುವ ಫೌಂಡ್ರಿಯ ಶಾಟ್ ಬ್ಲಾಸ್ಟಿಂಗ್ ಯಂತ್ರ ಚಾಸಿ, ಹೌಸಿಂಗ್, ಡ್ರಮ್ಮುಗಳ ತುಕ್ಕನ್ನು ಗಂಟೆಯೊಳಗೆ ತೆಗೆಯುತ್ತದೆ; ಆಸೆಗೆ ಬಿದ್ದು ಬಾನೆಟ್ಟನ್ನೂ ಮಡ್‌ಗಾರ್ಡನ್ನೂ ಅದಕ್ಕೆ ಕೊಟ್ಟರೆ ತಗಡು ಹಪ್ಪಳದಂತೆ ಸುಕ್ಕಾಗಿ ಮರಳುತ್ತದೆ. ಜೀಪಿನ ಬೋಲ್ಟುಗಳು ಇಂಚಿನ ಅಳತೆಯವು, ಜಿಪ್ಸಿಯವು ಮಿಲಿಮೀಟರಿನವು. ಲೇತಿನವರಿಗೆ ಇದನ್ನು ಮೊದಲೇ ಹೇಳದಿದ್ದರೆ ಅವರು ಕೈಗೆ ಸಿಕ್ಕ ಟ್ಯಾಪನ್ನು ಓಡಿಸಿಬಿಡುತ್ತಾರೆ.

ಎಂಜಿನ್ ಜಾಮಾಗಿದ್ದರೆ ಪ್ಲಗ್ಗುಗಳನ್ನು ತೆಗೆದು, ಸಿಲಿಂಡರುಗಳಿಗೆ ಡೀಸೆಲ್ಲು ಮತ್ತು ತೆಳು ಎಣ್ಣೆಯ ಮಿಶ್ರಣ ಹನಿಸಿ, ವಾರಗಟ್ಟಲೆ ಕಾದು ಹ್ಯಾಂಡಲಿನಿಂದ ಹಿಂದೆಮುಂದೆ ಅಲುಗಿಸಬೇಕು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇದೆ. ನಮ್ಮದೇ ಕಬ್ಬಿನ ಸೀಮೆಯ ಕಾರ್ಖಾನೆಗಳಿಂದ ಬರುವ ಈ ಎಥೆನಾಲ್ ನಮ್ಮದೇ ಹಳೆಯ ಗಾಡಿಗಳ ರಬ್ಬರನ್ನು ತಿನ್ನುತ್ತದೆಂಬುದು ತಮಾಷೆಯ ಸಂಗತಿ. ಹೋಸುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಾಮನ್ನೂ ಎಥೆನಾಲ್ ತಾಳುವ ರಬ್ಬರಿಗೆ ಬದಲಿಸಿ, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬ್ಯುರೇಟರನ್ನು ಬರಿದುಮಾಡಿರಿ. ವಿದ್ಯುತ್ತಿನ ವಿಷಯದಲ್ಲಿ ಒಂದೇ ಮಾತು: ಯುದ್ಧಕಾಲದ ಜೀಪಿಗೆ 6 ವೋಲ್ಟ್, ಸೇನೆಯ ಕೆಲವು ಗಾಡಿಗಳಿಗೆ 24, ಉಳಿದವಕ್ಕೆ 12. ನೋಡದೆ ಬ್ಯಾಟರಿ ಜೋಡಿಸಬೇಡಿ.

ಬಣ್ಣದ ಬಗ್ಗೆ ಬಹುತೇಕ ಹವ್ಯಾಸಿಗಳಿಗೆ ನಿರಾಶೆಯಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಮರಳಿನ ಬಣ್ಣ, ಬೂದು, ಗಾಢ ನೀಲಿ ಇವುಗಳಲ್ಲಿ ಒಂದನ್ನು ಆರಿಸಿ ಆರ್‌ಸಿಯಲ್ಲಿಯೂ ಬರೆಸಬೇಕು. ಹೊಳಪಿಲ್ಲದ ಮರಳಿನ ಬಣ್ಣ ಹಳೆಯ ಜೀಪಿಗೆ ಹಸಿರಿಗಿಂತ ಚೆನ್ನಾಗಿ ಒಪ್ಪುತ್ತದೆಂದು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಬಾಣದ ಸಂಖ್ಯೆ, ನಕ್ಷತ್ರದ ಫಲಕ, ದಳಗಳ ಲಾಂಛನಗಳನ್ನು ಹಾಕಬಾರದು. ಸೈನಿಕರಲ್ಲದವರು ತಾವು ಸೈನಿಕರೆಂದು ನಂಬಿಸಲು ಅವರ ಉಡುಪನ್ನೋ ಗುರುತನ್ನೋ ಧರಿಸುವುದು ಅಪರಾಧವೂ ಹೌದು. ಬೆಳಗಾವಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಣ್ಣದ ಕೆಲಸ ಬೇಡ. ಗಾಳಿಯ ತೇವ ಪ್ರೈಮರಿನ ಕೆಳಗೆ ಸೇರಿ ಮುಂದಿನ ವರ್ಷ ಗುಳ್ಳೆಯಾಗಿ ಏಳುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳ ಒಣ ಬೆಳಗುಗಳು ಇದಕ್ಕೆ ಹೇಳಿಮಾಡಿಸಿದಂಥವು, ಮತ್ತು ಬ್ಲಾಸ್ಟಿಂಗ್ ಆದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು.

ಕೆಲಸ ಮುಗಿದ ಗಾಡಿಯನ್ನು ಮೊದಲು ಜಾಂಬೋಟಿಯ ಕಡೆಗೋ ಕಿತ್ತೂರಿನ ಕಡೆಗೋ ನಿಧಾನವಾಗಿ ಒಯ್ಯಿರಿ. ಗಂಟೆಗೆ 60 ಕಿಲೋಮೀಟರು ಸಾಕು. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರಗಳ ಗೇರು ಹಾಕಿ ಓಡಿಸಿದರೆ, ಮುಂದಿನ ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಉರುಳುವುದರಿಂದ ಶಾಫ್ಟುಗಳ ನಡುವೆ ಬಿಗಿತ ಕೂಡಿ ಗೇರು ಹೊರಬರದೆ ಕಚ್ಚಿಕೊಳ್ಳುತ್ತದೆ. ಆ ಗೇರು ಕೆಸರಿಗೆ, ಮರಳಿಗೆ, ಕಬ್ಬಿನ ಗದ್ದೆಯ ದಾರಿಗೆ. ಮೊದಲ 500 ಕಿಲೋಮೀಟರಿನ ನಂತರ ಎಲ್ಲ ಎಣ್ಣೆಗಳನ್ನೂ ಇಳಿಸಿ, ಕೆಳಗೆ ಬಿದ್ದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಲೋಹದ ಚೂರುಗಳಿವೆಯೇ ಎಂದು ನೋಡಬೇಕು. ಚಕ್ರದ ನಟ್ಟು, ಪಾಟಾಗಳ ಯು ಬೋಲ್ಟು, ಮುಂದಿನ ಚಕ್ರಗಳು ತಿರುಗುವ ಕಿಂಗ್ ಪಿನ್ನುಗಳನ್ನು ಮತ್ತೆ ಬಿಗಿಗೊಳಿಸಬೇಕು. ಮಳೆಗಾಲದಲ್ಲಿ ಗಾಡಿಯನ್ನು ಪ್ಲಾಸ್ಟಿಕ್ ತಾಡಪಾಲಿನಿಂದ ಬಿಗಿಯಾಗಿ ಮುಚ್ಚದೆ, ಗಾಳಿಯಾಡುವ ಶೆಡ್ಡಿನಲ್ಲಿ, ನೆಲದ ತಗಡಿನ ನೀರು ಹೋಗುವ ತೂತುಗಳ ಬಿರಡೆ ತೆಗೆದು ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಕಾಯುವಷ್ಟು ದೂರ ಓಡಿಸಿ ತರಬೇಕು.