ಕೊನೆಯ ಸೆಕೆಂಡುಗಳ ಆಟ ಕಲಿಸಿದ ನನ್ನ ಅನುಭವ

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರ ಹುಡುಗಿಯರ ತಂಡಕ್ಕೆ ನಾನು ಹಲವು ವರ್ಷಗಳಿಂದ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. ಒಮ್ಮೆ ವಿಭಾಗ ಮಟ್ಟದ ಪಂದ್ಯದಲ್ಲಿ ನಾವು ಒಂದೇ ಒಂದು ಅಂಕದಿಂದ ಹಿಂದಿದ್ದೆವು. ಇನ್ನು 9 ಸೆಕೆಂಡು ಉಳಿದಿತ್ತು, ಚೆಂಡು ನಮ್ಮದಾಗಿತ್ತು. ನಾನು ಟೈಮ್ ಔಟ್ ಕೇಳಿ, ಸಿಕ್ಕ ಒಂದು ನಿಮಿಷದಲ್ಲಿ ಬೋರ್ಡಿನ ಮೇಲೆ ಮೂರು ಬಗೆಯ ಆಟಗಳನ್ನು ಬರೆದು, ಅವರು ಹೀಗೆ ಬಂದರೆ ಹೀಗೆ, ಹಾಗೆ ಬಂದರೆ ಹಾಗೆ ಎಂದು ಗಡಿಬಿಡಿಯಲ್ಲಿ ವಿವರಿಸಿದೆ. ಮಕ್ಕಳು ತಲೆಯಾಡಿಸಿದರು. ಅಂಕಣಕ್ಕೆ ಮರಳಿದ ಮೇಲೆ ಇಬ್ಬರು ಒಂದೇ ಮೂಲೆಗೆ ಓಡಿದರು; ಗೆರೆಯ ಹೊರಗೆ ಚೆಂಡು ಹಿಡಿದು ನಿಂತವಳಿಗೆ ಯಾರಿಗೆ ಕೊಡಬೇಕೆಂದೇ ತಿಳಿಯಲಿಲ್ಲ. ರೆಫರಿ 5 ಸೆಕೆಂಡು ಎಣಿಸಿ ಸೀಟಿ ಊದಿದರು, ಚೆಂಡು ಎದುರಾಳಿಯ ಪಾಲಾಯಿತು. ಬುಟ್ಟಿಯ ಕಡೆ ಒಮ್ಮೆಯೂ ಚೆಂಡು ಎಸೆಯದೆ ಸೋತೆವು. ಬಸ್ಸಿನಲ್ಲಿ ಆ ಹುಡುಗಿ ನನ್ನ ಸೀಟಿನ ಹತ್ತಿರ ಬಂದು, "ನಂದೇ ತಪ್ಪು ಸರ್" ಎಂದಳು. ತಪ್ಪು ಅವಳದಾಗಿರಲಿಲ್ಲ. ಅಭ್ಯಾಸದಲ್ಲಿ ಒಮ್ಮೆಯೂ ಮಾಡಿಸದಿದ್ದುದನ್ನು ಒಂದು ನಿಮಿಷದಲ್ಲಿ ಅವರ ತಲೆಗೆ ತುಂಬಲು ಹೊರಟದ್ದು ನಾನು.

ಆ ಸೋಲಿನ ನಂತರ ನಮ್ಮ ಅಭ್ಯಾಸದ ಕೊನೆಯ ಕಾಲು ಗಂಟೆಯನ್ನು ಪೂರ್ತಿಯಾಗಿ ಕೊನೆಯ ಸೆಕೆಂಡುಗಳ ಆಟಕ್ಕೇ ಮೀಸಲಿಟ್ಟೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕ, ಉಳಿದ ಸಮಯ, ಎರಡೂ ತಂಡಗಳ ಫೌಲ್‌ಗಳು, ಉಳಿದಿರುವ ಟೈಮ್ ಔಟ್‌ಗಳು ಎಂದು ನಾಲ್ಕು ಸಾಲು ಬರೆದು, ದಿನಕ್ಕೊಂದು ಹೊಸ ಸನ್ನಿವೇಶ ಕೊಟ್ಟು ಆಡಿಸುತ್ತಿದ್ದೆ. ಚೆಂಡು ಮುಟ್ಟುವ ಮೊದಲು ಐವರೂ ಈ ನಾಲ್ಕನ್ನು ಗಟ್ಟಿಯಾಗಿ ಹೇಳಬೇಕಿತ್ತು. ಒಬ್ಬಳು ತಪ್ಪಿದರೂ ಮತ್ತೆ ಮೊದಲಿನಿಂದ. ನಮ್ಮ ಕಡೆಯ ಅನೇಕ ಪಂದ್ಯಗಳು ಬಯಲು ಅಂಕಣದಲ್ಲಿ ನಡೆಯುತ್ತವೆ. ಅಲ್ಲಿ ವಿದ್ಯುತ್ ಬೋರ್ಡ್ ಇರುವುದಿಲ್ಲ, ಸಮಯವೆಲ್ಲ ಮೇಜಿನ ಬಳಿ ಕುಳಿತವರ ಕೈಯಲ್ಲಿರುವ ಸ್ಟಾಪ್‌ವಾಚ್‌ನಲ್ಲಿರುತ್ತದೆ. ಆದ್ದರಿಂದ ಬೆಂಚಿನಲ್ಲಿ ಕೂತ ಹುಡುಗಿಯೊಬ್ಬಳಿಗೆ ಮನಸ್ಸಿನಲ್ಲೇ ಸೆಕೆಂಡು ಎಣಿಸಿ, ಕೊನೆಯ ಹತ್ತನ್ನು ಕೂಗಿ ಹೇಳುವ ಕೆಲಸ ಕೊಟ್ಟೆ. ಮೊದಮೊದಲು ಗಾಬರಿಯಲ್ಲಿ ಅವಳ ಹತ್ತು ಸೆಕೆಂಡು ಏಳಕ್ಕೇ ಮುಗಿಯುತ್ತಿತ್ತು. ಸ್ಟಾಪ್‌ವಾಚ್ ಹಿಡಿದು ಎರಡು ವಾರ ಕಲಿತ ಮೇಲೆ ಅವಳ ಎಣಿಕೆಯನ್ನು ನಾನೂ ನಂಬತೊಡಗಿದೆ.

ಸಮಯದ ಅಂದಾಜು ಮೈಗೂಡದೆ ಈ ಆಟ ಬರುವುದಿಲ್ಲ. ಗಡಿಯಾರದಲ್ಲಿ ಕನಿಷ್ಠ 0.3 ಸೆಕೆಂಡು ಇದ್ದರೆ ಮಾತ್ರ ಚೆಂಡನ್ನು ಹಿಡಿದು ಎಸೆಯಲು ನಿಯಮದಲ್ಲಿ ಅವಕಾಶವಿದೆ. ಅದಕ್ಕಿಂತ ಕಡಿಮೆಯಿದ್ದರೆ ಹಿಡಿದು ಎಸೆದದ್ದು ಲೆಕ್ಕಕ್ಕಿಲ್ಲ, ಬಂದ ಚೆಂಡನ್ನು ಬುಟ್ಟಿಯತ್ತ ತಟ್ಟಬೇಕು, ಇಲ್ಲವೇ ಡಂಕ್ ಮಾಡಬೇಕು, ಎಂದರೆ ಜಿಗಿದು ಮೇಲಿನಿಂದ ನೇರವಾಗಿ ಬುಟ್ಟಿಯೊಳಗೆ ತುರುಕಬೇಕು. ಇನ್ನೊಂದು ತುದಿಯಲ್ಲಿ, 4 ಸೆಕೆಂಡು ಎಂದರೆ ನಮ್ಮ ಹುಡುಗಿಯರು ಭಾವಿಸಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು. ಅಷ್ಟರಲ್ಲಿ ಮೂರು ಡ್ರಿಬಲ್ ಮಾಡಿ, ನಿಂತು, ಸಮಾಧಾನವಾಗಿ ಎಸೆಯಬಹುದೆಂಬುದನ್ನು ಒಬ್ಬೊಬ್ಬರಿಗೂ ಮಾಡಿಸಿಯೇ ತೋರಿಸಿದೆ. ಕೇವಲ 3 ಸೆಕೆಂಡಿನಲ್ಲಿ ಏನಾಗಬಹುದು ಎನ್ನುವುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಫೈನಲ್ ಕಥೆ ಹೇಳುತ್ತಿದ್ದೆ. ಅಮೆರಿಕ 50–49ರಿಂದ ಮುಂದಿತ್ತು. ಗಡಿಯಾರವನ್ನು 3 ಸೆಕೆಂಡಿಗೆ ತಿರುಗಿಸಿ ಮತ್ತೆ ಆಡಿಸಿದಾಗ ಸೋವಿಯತ್ ತಂಡದ ಇವಾನ್ ಎಡೆಷ್ಕೊ ಅಂಕಣದ ಆ ತುದಿಯಿಂದ ಈ ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೊವ್ ಹಿಡಿದು ಬುಟ್ಟಿಗೆ ಹಾಕಿದರು, ಪಂದ್ಯ 51–50 ಆಯಿತು. ಆ ತೀರ್ಪಿನ ವಿರುದ್ಧ ಅಮೆರಿಕದ ಆಟಗಾರರು ಬೆಳ್ಳಿ ಪದಕವನ್ನೇ ಸ್ವೀಕರಿಸಲಿಲ್ಲ. ವಿವಾದ ಏನೇ ಇರಲಿ, ಆ ಉದ್ದನೆಯ ಪಾಸ್ ಮತ್ತು ಅದನ್ನು ಹಿಡಿಯಲು ಆಟಗಾರ ನಿಂತ ಜಾಗವನ್ನು ಮಕ್ಕಳು ಕಲಿಯಬೇಕೆಂಬುದು ನನ್ನ ಆಸೆಯಾಗಿತ್ತು.

ಕೊನೆಯ ಸೆಕೆಂಡುಗಳಿಗೆಂದು ಮೂರೇ ಆಟಗಳನ್ನು ಇಟ್ಟುಕೊಂಡೆ. ಅವುಗಳಿಗೆ ಮಕ್ಕಳೇ ನಮ್ಮ ರೈಲು ದಾರಿಯ ಊರುಗಳ ಹೆಸರಿಟ್ಟರು: ಎರಡು ಅಂಕ ಬೇಕಾದಾಗ ಮದ್ದೂರು, ಮೂರು ಬೇಕಾದಾಗ ಪಾಂಡವಪುರ, ಅಂಕಣದ ಆ ತುದಿಯಿಂದ ಬರಬೇಕಾದಾಗ ಶ್ರೀರಂಗಪಟ್ಟಣ. ಹೆಚ್ಚು ಕೆಲಸಕ್ಕೆ ಬಂದದ್ದು ಮದ್ದೂರು. ನಾಲ್ವರು ಬುಟ್ಟಿಯ ಮುಂದೆ ಚೌಕಾಕಾರದಲ್ಲಿ ನಿಲ್ಲುತ್ತಾರೆ. ಥ್ರೋ ಇನ್ ಮಾಡುವವಳು, ಎಂದರೆ ಗೆರೆಯ ಹೊರಗಿನಿಂದ ಚೆಂಡು ಒಳಗೆ ಕೊಡುವವಳು, ಚೆಂಡನ್ನು ಅಂಗೈಯಿಂದ ಒಮ್ಮೆ ತಟ್ಟಿದೊಡನೆ, ನಮ್ಮ ಎತ್ತರದ ಹುಡುಗಿ ಬುಟ್ಟಿಯಿಂದ ಎರಡು ಹೆಜ್ಜೆ ಆಚೆ ಬಂದು ಸ್ಕ್ರೀನ್ ಹಾಕುತ್ತಾಳೆ, ಎಂದರೆ ಎದುರಾಳಿಯ ದಾರಿಗೆ ಅಡ್ಡವಾಗಿ ನಿಲ್ಲುತ್ತಾಳೆ. ಅವಳ ಭುಜ ಸವರಿಕೊಂಡಂತೆ ನಮ್ಮ ಒಳ್ಳೆಯ ಆಟಗಾರ್ತಿ ಗೆರೆಯ ಕಡೆ ಓಡಿ ಬರುತ್ತಾಳೆ. ಇವರನ್ನು ಕಾಯುತ್ತಿರುವ ಎದುರಾಳಿಗಳಿಬ್ಬರೂ ಓಡಿದವಳ ಹಿಂದೆ ಹೋದರೆ, ಸ್ಕ್ರೀನ್ ಹಾಕಿದವಳು ಹಿಂದೆ ತಿರುಗಿ ಬುಟ್ಟಿಯತ್ತ ಇಳಿಯುತ್ತಾಳೆ, ಚೆಂಡು ಅವಳಿಗೆ ಹೋಗುತ್ತದೆ. ಇದರಲ್ಲಿ ಥ್ರೋ ಇನ್ ಮಾಡುವವಳ ಕಣ್ಣೇ ಮುಖ್ಯ. ಆದ್ದರಿಂದ ಹೆಚ್ಚು ಅಂಕ ಗಳಿಸುವವಳಿಗಿಂತ ಹೆಚ್ಚು ನಿಧಾನಸ್ಥೆಯಾದ ಹುಡುಗಿಯನ್ನು ಆ ಜಾಗಕ್ಕೆ ಆರಿಸಿದೆ. ಹಾಗೆ ಆರಿಸಿದವಳು, ಬಸ್ಸಿನಲ್ಲಿ ತಪ್ಪು ತನ್ನದೆಂದು ಹೇಳಿದ ಹುಡುಗಿಯೇ.

ಅಂಕ ಸಮವಾಗಿದ್ದು ಚೆಂಡು ನಮ್ಮಲ್ಲಿದ್ದರೆ, ಬಹುತೇಕ ತಂಡಗಳು ಗಡಿಯಾರ ಪೂರ್ತಿ ಇಳಿಯುವವರೆಗೆ ಕಾದು ಕೊನೆಯ ಕ್ಷಣದಲ್ಲಿ ಎಸೆಯುತ್ತವೆ. ನಾನು 7 ಸೆಕೆಂಡಿಗೆ ಹೊರಟು 4 ಸೆಕೆಂಡು ಇರುವಾಗ ಎಸೆಯಲು ಹೇಳುತ್ತೇನೆ, ಏಕೆಂದರೆ ಹೈಸ್ಕೂಲ್ ಮಕ್ಕಳ ಮೊದಲ ಎಸೆತ ತಪ್ಪುವುದೇ ಹೆಚ್ಚು. ಹಾಗೆ ತಪ್ಪಿದ ಚೆಂಡನ್ನು ಎತ್ತಿ ಮತ್ತೆ ಹಾಕಲು ಹೊತ್ತು ಬೇಕು.

ಮೂರು ಅಂಕದಿಂದ ಮುಂದಿರುವಾಗ ಬೇಕೆಂದೇ ಫೌಲ್ ಮಾಡಿ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದ, ತಲಾ ಒಂದು ಅಂಕದ ಎಸೆತ) ಮಾತ್ರ ಕೊಡಬೇಕೇ ಎಂಬ ಪ್ರಶ್ನೆಯನ್ನು ಬೇರೆ ತರಬೇತುದಾರರು ನನ್ನನ್ನು ಆಗಾಗ ಕೇಳುತ್ತಾರೆ. ದೊಡ್ಡವರ ಆಟದಲ್ಲಿ ಅದು ಸರಿಯಿರಬಹುದು, ಆದರೆ ಮಕ್ಕಳಿಗೆ ನಾನು ಅದನ್ನು ಕಲಿಸುವುದಿಲ್ಲ. ಅರ್ಧ ಕ್ಷಣ ತಡವಾದರೂ ಎಸೆಯುತ್ತಿರುವ ಕೈಗೆ ತಾಗಿ ಮೂರು ಫ್ರೀ ಥ್ರೋ ಕೊಟ್ಟಂತಾಗುತ್ತದೆ. ಮೂರು ಅಂಕದ ಗೆರೆಯ ಮೇಲೆ ಕೈ ಎತ್ತಿ ನಿಂತು, ಒಳಗಿನ ಎರಡು ಅಂಕವನ್ನು ಬಿಟ್ಟುಕೊಡುವುದೇ ನಮಗೆ ಕ್ಷೇಮ. ನಾವು ಹಿಂದಿದ್ದು ಫೌಲ್ ಮಾಡಲೇಬೇಕಾದಾಗ ಮಾತ್ರ, ಚೆಂಡು ಅಂಕಣದೊಳಗೆ ಬಂದ ಮೇಲೆ, ಚೆಂಡಿಗೇ ಕೈ ಹಾಕಿ ಮಾಡಬೇಕೆಂದು ಕಲಿಸಿದ್ದೇನೆ. ಬೆನ್ನಿನಿಂದ ತಳ್ಳಿದರೆ ರೆಫರಿ ಅದನ್ನು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾ ಮನೋಭಾವಕ್ಕೆ ತಕ್ಕುದಲ್ಲದ) ಫೌಲ್ ಎಂದು ಕರೆಯಬಹುದು, ಆಗ ಫ್ರೀ ಥ್ರೋಗಳ ಜೊತೆಗೆ ಚೆಂಡೂ ಎದುರಾಳಿಯದೇ ಆಗುತ್ತದೆ.

ಟೈಮ್ ಔಟ್ ವಿಷಯದಲ್ಲೂ ನಾನು ತಿದ್ದಿಕೊಂಡೆ. ದ್ವಿತೀಯಾರ್ಧಕ್ಕೆ ಮೂರು ಸಿಗುತ್ತವೆ, ಆದರೆ ಕೊನೆಯ 2 ನಿಮಿಷದಲ್ಲಿ ಎರಡನ್ನಷ್ಟೇ ಬಳಸಬಹುದು. ಆದ್ದರಿಂದ ಒಂದನ್ನು ಮೊದಲೇ, ಮಕ್ಕಳು ಬಳಲಿದಾಗ, ಹಿಂಜರಿಯದೆ ತೆಗೆದುಕೊಳ್ಳುತ್ತೇನೆ. ಕೊನೆಯ ಟೈಮ್ ಔಟ್‌ನಲ್ಲಿ ಮೊದಲ 20 ಸೆಕೆಂಡು ನಾನು ಬಾಯಿ ತೆರೆಯುವುದಿಲ್ಲ. ಅವರು ನೀರು ಕುಡಿದು ಉಸಿರು ತಿರುಗಿಸಿಕೊಳ್ಳಲಿ. ನಂತರ ಒಂದು ಊರಿನ ಹೆಸರು ಹೇಳುತ್ತೇನೆ, ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಅವರಿಂದಲೇ ಹೇಳಿಸುತ್ತೇನೆ.

ಹೀಗೆ ಎರಡು ವರ್ಷ ಕಳೆಯಿತು. ಒಳಾಂಗಣ ಅಂಕಣದ ಪಂದ್ಯವೊಂದರಲ್ಲಿ ಅಂಕ ಸಮ, 8 ಸೆಕೆಂಡು ಬಾಕಿ, ಥ್ರೋ ಇನ್ ನಮ್ಮದು. ನಾನು ಮಾತಾಡುವ ಮೊದಲೇ ಆ ಹುಡುಗಿ, "ಮದ್ದೂರು ಮಾಡ್ತೀವಿ ಸರ್, ಅವರ ನಂಬರ್ ಹನ್ನೊಂದು ಎರಡೂ ಸಲ ಚೆಂಡಿನ ಹಿಂದೇನೇ ಓಡಿದ್ಲು" ಎಂದಳು. ನಾನು ಗಮನಿಸದೇ ಇದ್ದುದನ್ನು ಅವಳು ಗಮನಿಸಿದ್ದಳು. ಚೆಂಡು ಇಳಿದು ಬಂದವಳ ಕೈ ಸೇರಿತು, ಅವಳ ಎಸೆತ ರಿಂಗಿಗೆ ಬಡಿದು ಹೊರಬಂತು, ಮತ್ತೊಬ್ಬಳು ಅದನ್ನು ಎತ್ತಿ ಹಾಕಿದಳು. ಕೊನೆಯ 2 ನಿಮಿಷದಲ್ಲಿ ಬುಟ್ಟಿ ಬಿದ್ದೊಡನೆ ಗಡಿಯಾರ ನಿಲ್ಲುತ್ತದೆ, ಬೋರ್ಡಿನಲ್ಲಿ 1.4 ಸೆಕೆಂಡು ಉಳಿದಿತ್ತು. ನಮ್ಮ ಐವರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾಗ ಎದುರಾಳಿಗಳು ಟೈಮ್ ಔಟ್ ಕೇಳಿ, ನಿಯಮದಂತೆ ಚೆಂಡನ್ನು ನಾವು ಕಾಯುತ್ತಿದ್ದ ಬುಟ್ಟಿಯ ಕಡೆಯ ಅರ್ಧಕ್ಕೆ ತಂದುಕೊಂಡರು. ಮೂಲೆಯಲ್ಲಿ ಅವರ ಆಟಗಾರ್ತಿಯೊಬ್ಬಳು ಯಾರ ಕಾವಲೂ ಇಲ್ಲದೆ ಚೆಂಡು ಹಿಡಿದು ಎಸೆದಳು. ಅದು ರಿಂಗಿನ ಮುಂಭಾಗಕ್ಕೆ ಬಡಿಯಿತು, ನಾವು ಗೆದ್ದೆವು.

ಮರುದಿನದ ಅಭ್ಯಾಸದಲ್ಲಿ ಗೋಡೆಯ ಮೇಲೆ ಎರಡು ಅಂಕದ ಮುನ್ನಡೆ, 1.4 ಸೆಕೆಂಡು, ಚೆಂಡು ಎದುರಾಳಿಯದು ಎಂದು ಬರೆದೆ. ಬುಟ್ಟಿ ಬಿದ್ದ ಕ್ಷಣದಿಂದಲೇ ಪ್ರತಿಯೊಬ್ಬಳೂ ತಾನು ಕಾಯಬೇಕಾದವಳ ನಂಬರನ್ನು ಕೂಗುತ್ತ ಹಿಂದೆ ಓಡುವುದನ್ನು ಈಗ ಮಾಡಿಸುತ್ತಿದ್ದೇನೆ.