ವೈರಸ್ ಇಲ್ಲದೆ ರಕ್ತದ ಕಾಂಡಕೋಶಕ್ಕೆ ಜೀನ್: ನಮ್ಮ ಬೆಳಗಾವಿ ಲ್ಯಾಬಿನ ಅನುಭವ

"ಸಿಡಿ34ಕ್ಕ ಕರೆಂಟ್ ಕೊಟ್ರ ಉಳಿಯೂದಿಲ್ರೀ ಮೇಡಂ, ಸುಮ್ನ ಲೆಂಟಿವೈರಸ್ ಹಚ್ಚರಿ" ಅಂತ ನನಗೆ ಬುದ್ಧಿ ಹೇಳದವರೇ ಇಲ್ಲ. ಸಿಡಿ34 ಅಂದರೆ ರಕ್ತದ ಕಾಂಡಕೋಶದ ಮೇಲಿನ ಗುರುತು, ಆ ಕೋಶಗಳನ್ನು ಕರೆಯುವುದೂ ಅದೇ ಹೆಸರಲ್ಲಿ. ಕರೆಂಟ್ ಕೊಡುವುದು ಅಂದರೆ ಎಲೆಕ್ಟ್ರೋಪೊರೇಶನ್: ಕ್ಷಣಕಾಲದ ವಿದ್ಯುತ್ ಪಲ್ಸಿನಿಂದ ಕೋಶದ ಪೊರೆಯಲ್ಲಿ ತೂತು ಮಾಡಿ ಜೀನ್ ಒಳಗೆ ಬಿಡುವುದು. ಲೆಂಟಿವೈರಸ್ ಜೀನ್ ಹೊತ್ತೊಯ್ಯುವಂತೆ ಮಾರ್ಪಡಿಸಿದ ವೈರಸ್. ಈಗ ಅದೇ ಕೋಶಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹಸಿರು ಹೊಳೆಯುತ್ತಿವೆ (ಹಾಕುವುದು ಹಸಿರು ಪ್ರೋಟೀನಿನ ಜೀನ್, ಹೊಳೆದರೆ ಒಳಹೊಕ್ಕು ಕೆಲಸ ಮಾಡಿತು ಅಂತ), ಮರುದಿನ ಬದುಕಿಯೂ ಇರುತ್ತವೆ. ಹೇಳಿದವರೇ ಪ್ರೋಟೋಕಾಲ್ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ಎಲ್ಲರೂ ಬೈದದ್ದು ಕರೆಂಟನ್ನು. ನಾನು ಮೂರು ಟ್ಯೂಬ್ ಇಟ್ಟೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೀ ಪಲ್ಸ್, ಇನ್ನೊಂದಕ್ಕೆ ಪಲ್ಸ್ ಜೊತೆ ಪ್ಲಾಸ್ಮಿಡ್, ಅಂದರೆ ಜೀನ್ ಹೊತ್ತ ಡಿಎನ್‌ಎ ಉಂಗುರ. ಮರುದಿನ ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದರೆ ಬರೀ ಪಲ್ಸ್ ತಿಂದವು ಮುಕ್ಕಾಲು ಪಾಲಿಗಿಂತ ಹೆಚ್ಚು ಬದುಕಿದ್ದವು. ಪ್ಲಾಸ್ಮಿಡ್ ಟ್ಯೂಬಿನಲ್ಲಿ ಮೂರರಲ್ಲೊಂದು ಪಾಲು ಉಳಿದಿತ್ತೋ ಇಲ್ಲವೋ, ಉಳಿದವೂ ಕೋಶ ಬೆಳೆಸುವ ಲೋಳೆಯಂಥ ಮೆಥೈಲ್‌ಸೆಲ್ಯುಲೋಸ್‌ನಲ್ಲಿ ಕಾಲನಿ (ಒಂದೇ ಕೋಶದಿಂದ ಬೆಳೆಯುವ ಗುಂಪು) ಕಟ್ಟಲಿಲ್ಲ. ಕೊಲ್ಲುತ್ತಿದ್ದದ್ದು ಕರೆಂಟ್ ಅಲ್ಲ, ಡಿಎನ್‌ಎ. ಸೈಟೋಪ್ಲಾಸಂನಲ್ಲಿ ಡಿಎನ್‌ಎ ಕಂಡರೆ ಸಿ-ಗ್ಯಾಸ್, ಸ್ಟಿಂಗ್ ಎಂಬ ಕಾವಲು ಪ್ರೋಟೀನುಗಳು ಎಚ್ಚರಗೊಂಡು ವೈರಸ್ ಬಂತೆಂದು ಸಾರುವ ಇಂಟರ್‌ಫೆರಾನ್ ಏಳುತ್ತದೆ, ಈ ಕೋಶಗಳು ಅದನ್ನು ತಾಳುವುದಿಲ್ಲ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ತೆಗೆದ ಪ್ಲಾಸ್ಮಿಡ್ ತಂದೆ, ಡೋಸ್ ಅರ್ಧಕ್ಕಿಳಿಸಿದೆ, ಸತ್ತದ್ದು ಸತ್ತವೇ.

ಅಷ್ಟರೊಳಗೆ ದುಡ್ಡು ನೀರಿನ ಹಾಗೆ ಹರಿದುಹೋಗಿತ್ತು. ಪಲ್ಸ್ ಕೊಡಲು ಬೇಕಾದ ಬಫರ್ ದ್ರಾವಣದ ಕಂಪನಿ ಕಿಟ್ ಇಪ್ಪತ್ತೈದು ಪಲ್ಸಿಗೆ ಅರವತ್ತು ಸಾವಿರದ ಆಜುಬಾಜು. ಎಸ್‌ಸಿಎಫ್, ಟಿಪಿಒ, ಫ್ಲಿಟ್‌3 ಲಿಗ್ಯಾಂಡ್ ಎಂಬ ಸೈಟೋಕೈನುಗಳ (ಕೋಶ ಬೆಳೆಸುವ ಪ್ರೋಟೀನುಗಳ) ಲೆಕ್ಕ ಬೇರೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿದ ಡ್ರೈ ಐಸ್ ಡಬ್ಬಿ ಒಮ್ಮೆ ಹುಬ್ಬಳ್ಳಿಯಲ್ಲೇ ಇಳಿದು ಕೂತಿತ್ತು, ನಮ್ಮ ಕೈಗೆ ಬಂದಾಗ ಒಳಗೆಲ್ಲ ಬೆಚ್ಚಗೆ. ಕೊನೆಗೆ ಬಫರ್ ನಾನೇ ಮಾಡಿಕೊಂಡೆ: ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ, ಮೆಗ್ನೀಶಿಯಂ, ಮ್ಯಾನಿಟಾಲ್. ಉಪ್ಪು ಸ್ವಲ್ಪ ಏರಿದರೂ ಪಲ್ಸ್ ಕೊಡುವ ಪುಟ್ಟ ಪಾತ್ರೆಯಾದ ಕ್ಯೂವೆಟ್‌ನಲ್ಲಿ ಚಟ್ ಅಂತ ಕಿಡಿ ಹಾರುತ್ತದೆ, ಆ ಸ್ಯಾಂಪಲ್ ಚೆಲ್ಲಬೇಕಷ್ಟೆ. ಪಾಲು ಎಷ್ಟೆಷ್ಟು ಅಂತ ಇಲ್ಲಿ ಹೇಳುವುದಿಲ್ಲ. ಈಗ ಪಲ್ಸಿಗೆ ಬಫರಿನ ಖರ್ಚು ಹತ್ತು ರೂಪಾಯಿಯೂ ಇಲ್ಲ.

ಡಿಎನ್‌ಎ ಬಿಟ್ಟು ಎಂಆರ್‌ಎನ್‌ಎಗೆ ಬಂದೆ, ಅಂದರೆ ಪ್ರೋಟೀನ್ ಮಾಡುವ ಸಂದೇಶ ಹೊತ್ತ ಆರ್‌ಎನ್‌ಎಗೆ. ತುದಿಗೆ ರಕ್ಷಣೆಯ ಕ್ಯಾಪ್ ಹಾಕಿ, ಕೋಶದ ಕಾವಲು ಏಳದಂತೆ ಯುರಿಡಿನ್ ಬದಲು ಎನ್1-ಮೀಥೈಲ್ ಸ್ಯೂಡೋಯುರಿಡಿನ್ ಹಾಕಿ ಇಲ್ಲೇ ತಯಾರಿಸಿದ್ದು. ಕೋಶ ಬದುಕಿದವು, ಹಸಿರೂ ಬಂತು, ಕಾಲನಿ ಮಾತ್ರ ಅರ್ಧ. ಕಾರಣ, ತಯಾರಿಯಲ್ಲಿ ಜೊತೆಗೇ ಹುಟ್ಟುವ, ಕೋಶ ವೈರಸ್ ಎಂದೇ ತಿಳಿಯುವ ಜೋಡಿ ಎಳೆಯ ಆರ್‌ಎನ್‌ಎ. ಎಚ್‌ಪಿಎಲ್‌ಸಿ ಎಂಬ ಶುದ್ಧೀಕರಣದ ಯಂತ್ರ ನಮ್ಮ ಕೈಗೆಟುಕುವ ಮಾತಲ್ಲ. ಸೆಲ್ಯುಲೋಸ್ ಪುಡಿ ತಂದೆ. ನೂರಕ್ಕೆ ಹದಿನಾರರಷ್ಟು ಎಥೆನಾಲ್ ಇರುವ ಬಫರಿನಲ್ಲಿ ಜೋಡಿ ಎಳೆ ಪುಡಿಗೆ ಅಂಟಿಕೊಳ್ಳುತ್ತದೆ, ಬೇಕಾದ ಒಂಟಿ ಎಳೆ ಕೆಳಗಿಳಿಯುತ್ತದೆ. ಎರಡು ಸಲ ಹಾಯಿಸಿ. ಮುಂದಿನ ಪ್ಲೇಟಿನಲ್ಲಿ ಹದಿನಾಲ್ಕನೇ ದಿನ ನೋಡಿದರೆ ಕೆಂಪು ಬಿಎಫ್‌ಯು-ಇ ಗೊಂಚಲುಗಳು (ಕೆಂಪು ರಕ್ತಕಣದ ಕಾಲನಿಗಳು) ಕಂಟ್ರೋಲಿನಷ್ಟೇ ಎದ್ದಿದ್ದವು. ಅವತ್ತು ಪ್ಲೇಟನ್ನು ಇಡೀ ಲ್ಯಾಬಿಗೆ ತೋರಿಸಿದೆ.

ಕೋಶ ಹೊಕ್ಕುಳಬಳ್ಳಿ ರಕ್ತದವು, ತಾಯಂದಿರ ಒಪ್ಪಿಗೆ, ಎಥಿಕ್ಸ್ ಕಮಿಟಿ ಅನುಮತಿ ಎಲ್ಲ ಇದೆ. ತೆಗೆದ ತಕ್ಷಣ ಪಲ್ಸ್ ಕೊಡಬೇಡಿ, ಸೈಟೋಕೈನ್‌ನಲ್ಲಿ ಎರಡು ದಿನ ಇರಲಿ. ಪಲ್ಸ್ ಆದಮೇಲೆ ಕ್ಯೂವೆಟ್‌ನಲ್ಲೇ ಪಿಪೆಟ್ ಮಾಡದೆ ಬೆಚ್ಚಗಿನ ಮೀಡಿಯಾ ಹಾಕಿ ಹತ್ತು ನಿಮಿಷ ಬಿಡಿ.

ನಡುವೆ ಎಂಆರ್‌ಎನ್‌ಎ ಹೊತ್ತ ಲಿಪಿಡ್ (ಕೊಬ್ಬಿನ) ನ್ಯಾನೋಕಣವನ್ನೂ ನೋಡಿದೆ. ಸೀರಂ ಇಲ್ಲದ ಮೀಡಿಯಾದಲ್ಲಿ ಕೋಶ ಅದನ್ನು ಮುಟ್ಟಲೇ ಇಲ್ಲ. ರಕ್ತದಲ್ಲಿ ಕೊಬ್ಬು ಸಾಗಿಸುವ ಅಪೊ-ಇ ಪ್ರೋಟೀನ್ ಬೆರೆಸಿದ ಮೇಲೆ ಅರ್ಧದಷ್ಟು ಹಸಿರಾದವು, ಮಷೀನೇ ಬೇಡ. ಕರೆಂಟ್ ಹೋದಾಗ ಯುಪಿಎಸ್ ಹೊತ್ತು ಎಣಿಸುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಇದನ್ನು ಬಿಟ್ಟಿಲ್ಲ.

ಎಂಆರ್‌ಎನ್‌ಎ ನಾಲ್ಕು ದಿನಕ್ಕೆ ಇಳಿದುಹೋಗುತ್ತದೆ ಅನ್ನುವವರಿಗೆ: ಜೀನ್ ಕತ್ತರಿಸುವ ಕ್ಯಾಸ್9ಗೆ ಅಷ್ಟು ಸಾಕು, ಕತ್ತರಿಸಿದ ಗುರುತು ಡಿಎನ್‌ಎಯಲ್ಲಿ ಉಳಿಯುತ್ತದೆ. 2023ರಲ್ಲಿ ರಕ್ತದ ಕಾಯಿಲೆಯಾದ ಸಿಕಲ್ ಸೆಲ್‌ಗೆ ಮಂಜೂರಾದ ಕ್ಯಾಸ್ಜೆವಿ ಎಂಬ ಜೀನ್ ಚಿಕಿತ್ಸೆಯಲ್ಲೂ ಕ್ಯಾಸ್9 ಒಳಹೋಗುವುದು ಎಲೆಕ್ಟ್ರೋಪೊರೇಶನ್‌ನಿಂದಲೇ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ನಮ್ಮ ರೋಗಿಗಳಿಗೆ ಎಟುಕಬೇಕಾದರೆ ಬಫರಿನಿಂದ ಹಿಡಿದು ಎಲ್ಲವನ್ನೂ ಇಲ್ಲೇ ಮಾಡಬೇಕು.

ಉಳಿದಿರುವುದು ಇಲಿ ಪರೀಕ್ಷೆ. ಕಾಲನಿ ಎದ್ದ ಮಾತ್ರಕ್ಕೆ ನಿಜವಾದ ಕಾಂಡಕೋಶ ಉಳಿಯಿತು ಅಂತ ಅಲ್ಲ, ಇಲಿಯ ಮೂಳೆ ಮಜ್ಜೆಯಲ್ಲಿ ಹದಿನಾರು ವಾರ ನಿಂತು ತೋರಿಸಬೇಕು. ಎನ್‌ಎಸ್‌ಜಿ (ಮನುಷ್ಯರ ಕೋಶ ತಿರಸ್ಕರಿಸದ, ರೋಗನಿರೋಧಕ ಶಕ್ತಿ ಇಲ್ಲದ ತಳಿಯ) ಇಲಿ ಸಾಕುವ ಏರ್ಪಾಡು ನಮ್ಮಲ್ಲಿಲ್ಲ. ಇದ್ದವರು ತಿಳಿಸಿದರೆ ಪಲ್ಸ್ ಕೊಟ್ಟ ಕೋಶ ಫ್ರೀಜ್ ಮಾಡಿ ನಾನೇ ತಂದುಕೊಡುತ್ತೇನೆ.